ಮೂರು ಮನೆಯ ಮಾತ್ರೆಗಳು

ನನ್ನ ಅಮ್ಮ ಯಶೋದಾ ಯಾರಿಗೂ, ಯಾವುದಕ್ಕೂ ಬೇಡ ಅಂದವಳಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಹೊಟ್ಟೆ ತುಂಬಿದ ಮೇಲೆ ಎಲೆಗೆ ಕೈ ಅಡ್ಡ ಹಿಡಿಯುವ ಗಿರಾಕಿಯ ಬೆಲೆ ನನ್ನಂಥ ಹೋಟೆಲಿನವನಿಗೆ ಚೆನ್ನಾಗಿ ಗೊತ್ತು. ಅಮ್ಮ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಊಟ ಮುಗಿಯುವ ಹೊತ್ತಿಗೆ ಸೊಸೆ ಇನ್ನೊಂದು ಸೌಟು ಸಾರು ತಂದರೆ ಬಡಿಸಿಕೊಳ್ಳುವಳು, ಮಗಳು ಮಜ್ಜಿಗೆ ತಂದರೆ ಅದನ್ನೂ ಕುಡಿಯುವಳು. "ಪಾಪ, ಪ್ರೀತಿಯಿಂದ ತಂದಿದ್ದಾಳೆ" ಎಂಬುದು ಅವಳ ವೇದವಾಕ್ಯ. ಆ ವೇದವಾಕ್ಯವೇ ಅವಳನ್ನು ಮುಗಿಸುವುದರಲ್ಲಿತ್ತು ಎಂದು ನಮಗೆ ತಿಳಿದದ್ದು ಸೂರತ್ತಿಗೆ ಪ್ಲೇಗ್ ಬಂದು ಹೋದ ಮರುವರ್ಷ.

ನಾವು ಮೂವರು ಮಕ್ಕಳು. ಉಡುಪಿ ಕಡೆಯಿಂದ ಹೊರಟವರು ಒಬ್ಬರ ಹಿಂದೊಬ್ಬರು ಗುಜರಾತಿಗೆ ಬಂದು ಬಿದ್ದೆವು. ಅಣ್ಣ ಶ್ರೀನಿವಾಸ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ, ತೈಲ ಕಂಪನಿಯ ಇಂಜಿನಿಯರ್. ಅಕ್ಕ ರಜನಿ ವಡೋದರಾದಲ್ಲಿ, ಭಾವ ಬ್ಯಾಂಕಿನವರು. ನಾನು, ಶಂಕರನಾರಾಯಣ, ಸೂರತ್ತಿನ ಬಟ್ಟೆ ಮಾರ್ಕೆಟ್ಟಿನ ಹಿಂದೆ ಇಡ್ಲಿ ದೋಸೆ ಮಾರಿಕೊಂಡು ಇದ್ದೇನೆ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಮೂರು ಮನೆಗಳಲ್ಲಿ ಸರದಿಯಂತೆ ಇರತೊಡಗಿದಳು. ಮಳೆಗಾಲ ಒಂದು ಕಡೆ, ನವರಾತ್ರಿ ಒಂದು ಕಡೆ, ಮೊಮ್ಮಕ್ಕಳ ಪರೀಕ್ಷೆಗೆ ಮತ್ತೊಂದು ಕಡೆ.

ಒಂದು ಮನೆಯಿಂದ ಇನ್ನೊಂದಕ್ಕೆ ಅವಳು ಒಬ್ಬಳೇ ರೈಲಿನಲ್ಲಿ ಹೋಗುವಳು. ಆ ವಿಷಯದಲ್ಲಿ ಅವಳು ನಮ್ಮ ಅಪ್ಪಣೆ ಕೇಳಿದವಳಲ್ಲ, ಜೊತೆಗೆ ಬರುತ್ತೇವೆ ಎಂದು ನಾವು ಹೇಳಿದವರೂ ಅಲ್ಲ. ಲೇಡೀಸ್ ಡಬ್ಬಿಯಲ್ಲಿ ದಿನಾ ಓಡಾಡುವ ಪಾಸಿನ ಹೆಂಗಸರ ನಡುವೆ ಕೂತು, ಅವರ ಮಡಿಲಿನ ಬಟಾಣಿ ಸುಲಿದು ಕೊಡುತ್ತ, ಉಡುಪಿಯ ರಾಗದಲ್ಲಿ ಗುಜರಾತಿ ಮಾತಾಡುತ್ತ ಬರುವಳು. ಎಲ್ಲರಿಗೂ ಅವಳು ಚಿಕ್ಕಮ್ಮ, ಯಶೋದಾ ಮಾಸಿ. ಭರೂಚಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ ಉಪ್ಪು ಶೇಂಗಾ ಕೊಳ್ಳದೆ ಅವಳ ಪ್ರಯಾಣ ಮುಗಿಯುತ್ತಿರಲಿಲ್ಲ. ನಾಲ್ಕನೇ ಕ್ಲಾಸು ಓದಿದ ಹೆಂಗಸು, ಕಣ್ಣು ಮುಚ್ಚಿ ಕೂತರೂ ಗಾಡಿಯ ಸದ್ದಿನಲ್ಲೇ ನರ್ಮದೆಯ ಸೇತುವೆ ಬಂತೆಂದು ಹೇಳುತ್ತಿದ್ದಳು. ನನಗೆ ಅವಳ ಬಗ್ಗೆ ಬಹಳ ಹೆಮ್ಮೆ ಇತ್ತು, ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆಲ್ಲ ಹೇಳಿಕೊಳ್ಳುತ್ತಿದ್ದೆ.

ಮಾತ್ರೆಗಳು ಶುರುವಾದದ್ದು ನನ್ನ ಮನೆಯಲ್ಲಿ. ಬಿ.ಪಿ. ಸ್ವಲ್ಪ ಹೆಚ್ಚಿದೆ ಎಂದು ನಮ್ಮ ಡಾಕ್ಟರು ಗುಲಾಬಿ ಬಣ್ಣದ ಒಂದು ಮಾತ್ರೆ ಬರೆದರು. ಅದು ದೊಡ್ಡ ವಿಷಯವೇನಲ್ಲ. ಆದರೆ ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಉಂಟು: ಅಮ್ಮ ಯಾರ ಮನೆಗೆ ಬಂದರೂ ಮೊದಲ ವಾರದಲ್ಲೇ ಅವಳನ್ನು ಒಳ್ಳೆಯ ಡಾಕ್ಟರಿಗೆ ತೋರಿಸಬೇಕು. ತೋರಿಸದಿದ್ದರೆ ಮಕ್ಕಳಾಗಿ ನಾವು ಏನು ಮಾಡಿದ ಹಾಗಾಯಿತು? ಡಾಕ್ಟರು ಏನೂ ಬರೆಯದೆ ಕಳಿಸಿದರೆ ನಮಗೆ ಸಮಾಧಾನವಿಲ್ಲ. ಬರೆದದ್ದನ್ನು ಮುಂದಿನ ಮನೆಯವರು ನಿಲ್ಲಿಸುವಂತೆಯೂ ಇಲ್ಲ. "ನಾವು ತೋರಿಸಿದ್ದನ್ನು ಅವರು ಬಿಡಿಸಿದರಂತೆ" ಎಂಬ ಮಾತು ಬಂದರೆ ದೀಪಾವಳಿಯವರೆಗೂ ಫೋನ್ ಇರುವುದಿಲ್ಲ. ಹಾಗಾಗಿ ಪ್ರತಿ ಮನೆಯೂ ಸೇರಿಸಿತು, ಯಾವ ಮನೆಯೂ ಕಳೆಯಲಿಲ್ಲ.

ಅದರ ಮೇಲೆ ಪ್ಲೇಗ್. ಆ ದಿನಗಳಲ್ಲಿ ಸೂರತ್ತಿನಲ್ಲಿ ಮಾತ್ರೆ ನುಂಗದವನೇ ಇರಲಿಲ್ಲ. ಕಾಯಿಲೆ ಇದೆಯೋ ಇಲ್ಲವೋ, ಜೇಬಿನಲ್ಲಿ ಸ್ಟ್ರಿಪ್ ಇದ್ದರೆ ಜೀವ ಇದ್ದ ಹಾಗೆ. ಪ್ಲೇಗ್ ಹೋಯಿತು, ಮಾತ್ರೆಯ ಮೇಲಿನ ಆ ಭಕ್ತಿ ಮಾತ್ರ ನಮ್ಮಲ್ಲಿ ಉಳಿದುಬಿಟ್ಟಿತು.

ಅಮ್ಮ ತನ್ನ ಮಾತ್ರೆಗಳನ್ನು ಸ್ಟೀಲಿನ ಒಗ್ಗರಣೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಸಾಸಿವೆ ಇರಬೇಕಾದ ಬಟ್ಟಲಲ್ಲಿ ಬಿಳಿಯವು, ಜೀರಿಗೆಯ ಬಟ್ಟಲಲ್ಲಿ ಗುಲಾಬಿ, ಮೆಂತೆಯ ಜಾಗದಲ್ಲಿ ಹಳದಿ. ಸ್ಟ್ರಿಪ್ಪಿನ ಚೂಪು ಅಂಚು ಕೈಗೆ ತಾಗುತ್ತದೆಂದು ಎಲ್ಲವನ್ನೂ ಬಿಡಿಸಿ ಹಾಕಿಕೊಳ್ಳುವಳು. ಹೊತ್ತು ಹೊತ್ತಿಗೆ ನುಂಗುವ ಆ ಶಿಸ್ತನ್ನು ಕಂಡು ನಾವು ಮೆಚ್ಚಿಕೊಳ್ಳುತ್ತಿದ್ದೆವು.

ಆಮೇಲೆ ಅಮ್ಮ ಇಳಿಯುತ್ತ ಹೋದಳು. ಮೊದಲು ತಲೆಸುತ್ತು. ನಂತರ ಕೈ ನಡುಕ, ಹೆಜ್ಜೆ ಎಳೆದು ನಡೆಯುವುದು. ಆಮೇಲೆ ಮರೆವು. ಅಕ್ಕನ ಮಗಳು ಕಾವ್ಯಾಳನ್ನು ಬೇರೆ ಯಾರದೋ ಹೆಸರಿಂದ ಕರೆದಳು. ಹುಡುಗಿ ತನ್ನ ಅರ್ಧಂಬರ್ಧ ಕನ್ನಡದಲ್ಲಿ, "ಅಜ್ಜಿ ನನ್ನ ಭೂಲ್ ಗಯಾ" ಎಂದು ಅತ್ತಳಂತೆ. ವಯಸ್ಸಾಯಿತು ಎಂದು ನಾವು ದೊಡ್ಡವರ ಹಾಗೆ ತಲೆಯಾಡಿಸಿದೆವು.

ಅಂಕಲೇಶ್ವರದ ಘಟನೆ ನಡೆದದ್ದು ಆಗ. ಅಮ್ಮ ವಡೋದರಾದಿಂದ ನನ್ನಲ್ಲಿಗೆ ಬರುವವಳಿದ್ದಳು. ಸೂರತ್ ಸ್ಟೇಷನ್ನಿನಲ್ಲಿ ಗಾಡಿ ಬಂತು, ಅಮ್ಮ ಇಳಿಯಲಿಲ್ಲ. ಪಾಸಿನ ಹೆಂಗಸೊಬ್ಬಳು ನನ್ನನ್ನು ಹುಡುಕಿಕೊಂಡು ಓಡಿ ಬಂದಳು. ಮಾಸಿ ನರ್ಮದೆ ದಾಟಿದ ಕೂಡಲೇ ಅಂಕಲೇಶ್ವರದಲ್ಲೇ ಇಳಿದುಬಿಟ್ಟರು, ಕೂಗಿದರೂ ತಿರುಗಲಿಲ್ಲ, ಅಷ್ಟರಲ್ಲಿ ಗಾಡಿ ಬಿಟ್ಟಿತು ಎಂದಳು. ನಾನು ಸಿಕ್ಕ ಗಾಡಿ ಹತ್ತಿ ಹೋದೆ. ಅಮ್ಮ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಒಗ್ಗರಣೆ ಡಬ್ಬಿ, ಕೈ ನಡುಗಿ ಡಬ್ಬಿಯೊಳಗಿನ ಬಟ್ಟಲುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

"ಬಂದ್ಯಾ ಶ್ರೀನಿವಾಸ? ತಡ ಆಯ್ತಲ್ಲ" ಅಂದಳು.

ನಾನು ಶ್ರೀನಿವಾಸನಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಗಾಡಿಯ ಸದ್ದಿನಲ್ಲೇ ನರ್ಮದೆಯನ್ನು ಗುರುತು ಹಿಡಿಯುತ್ತಿದ್ದವಳು ಅವಳು. ಬೆಂಚಿನ ಪಕ್ಕ ಕೂತು ಅತ್ತುಬಿಟ್ಟೆ.

ಫೋನಿನಲ್ಲೇ ಮೂವರೂ ತೀರ್ಮಾನ ಮಾಡಿದೆವು. ಇನ್ನು ರೈಲಿಲ್ಲ. ಅಮ್ಮ ಚಾಂದ್‌ಖೇಡಾದಲ್ಲೇ ಇರುವುದು, ಗೇಟಿಗೆ ಬೀಗ, ನೋಡಿಕೊಳ್ಳಲು ಒಬ್ಬಳು ಹೆಂಗಸು. ಅಣ್ಣ ಇದನ್ನು ಹೇಳಿದಾಗ ಅಮ್ಮ "ಆಯ್ತು" ಅಂದಳು. ಅದಕ್ಕೂ ಅವಳು ಬೇಡ ಅನ್ನಲಿಲ್ಲ. ಒಂದು ಮಾತಿಗಾದರೂ ಜಗಳ ಮಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸ್ವಲ್ಪ ದಿನ ಬಿಟ್ಟು ಅವಳನ್ನು ನೋಡಲು ಅಹಮದಾಬಾದಿಗೆ ಹೋದೆ. ಬಾಯಿ ಒಣಗುತ್ತದೆ, ಅನ್ನ ನುಂಗಲಾಗುವುದಿಲ್ಲ ಅಂದಳು. ಅಣ್ಣ ಡ್ಯೂಟಿಗೆ ಹೋಗಿದ್ದ. ನಾನೇ ಕಂಪನಿಯ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದೆ. ಅಲ್ಲಿಗೆ ಆಗಷ್ಟೇ ಡಾಕ್ಟರ್ ಸುಮಿತ್ರಾ ಎಂಬವರು ಬಂದಿದ್ದರು. ಗದಗಿನ ಕಡೆಯವರು, ಗಂಡನಿಗೆ ಅಸ್ಸಾಮಿನಿಂದ ವರ್ಗವಾಗಿತ್ತು. ದಪ್ಪ ಕನ್ನಡಕ, ಕಾಟನ್ ಸೀರೆ, ಕೂದಲಿಗೆ ಎಣ್ಣೆ ಹಾಕಿ ಬಿಗಿದ ಜಡೆ. ಬಾಗಿಲು ತೆರೆದಿಟ್ಟುಕೊಂಡೇ ರೋಗಿಗಳನ್ನು ನೋಡುತ್ತಿದ್ದರು.

ಹೊರಗೆ ನಾವು ಕಾಯುತ್ತಿದ್ದಾಗ ಕಂಪೌಂಡರ್ ಚಹಾ ತಂದ, ಅಮ್ಮ ಕುಡಿದಳು. ಮೊಮ್ಮಗ ಹುಟ್ಟಿದ ಖುಷಿಯಲ್ಲಿ ಒಬ್ಬಳು ಎಲ್ಲರಿಗೂ ಪೇಡೆ ಹಂಚುತ್ತಿದ್ದಳು. ಅಮ್ಮ ಒಂದು ತಿಂದಳು, ಒತ್ತಾಯ ಮಾಡಿದ್ದಕ್ಕೆ ಇನ್ನೊಂದನ್ನೂ ತಿಂದಳು. ಪಕ್ಕದ ಮುದುಕರು ಸೋಂಪು ಕೊಟ್ಟರು, ಅದನ್ನೂ ಬಾಯಿಗೆ ಹಾಕಿಕೊಂಡಳು. ನಮ್ಮ ಸರದಿ ಬಂದು ಒಳಗೆ ಹೋದೆವು.

"ಅಮ್ಮಾರ, ಚಹಾ ಬೇಕಾಗಿತ್ತೇನ್ರಿ ನಿಮಗ?" ಇದು ಡಾಕ್ಟರರ ಮೊದಲ ಪ್ರಶ್ನೆ.

"ಇಲ್ಲ, ಮನೆಯಲ್ಲಿ ಕುಡಿದೇ ಬಂದಿದ್ದೆ."

"ಪೇಢಾ ಸೇರತದೇನು?"

"ಸಿಹಿ ನನಗೆ ಮೊದಲಿಂದಲೂ ಆಗೂದಿಲ್ಲ."

"ಮತ್ತ ಎರಡು ಯಾಕ ತಿಂದ್ರಿ?"

"ಕೊಟ್ರಲ್ಲ" ಅಂದಳು ಅಮ್ಮ, ಇದೆಂಥ ಪ್ರಶ್ನೆ ಎಂಬಂತೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಕ್ಕಳು ಎಷ್ಟು ಮಂದಿ? ಎಷ್ಟು ಮನ್ಯಾಗ ಇರ್ತೀರಿ? ಯಾವ ಯಾವ ಊರಾಗ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿ ಒಣಗುತ್ತದೆ ಎಂದು ಬಂದರೆ ಈ ಹೆಂಗಸು ಜನಗಣತಿ ಮಾಡುತ್ತಿದ್ದಾಳಲ್ಲ ಅನ್ನಿಸಿತು. "ಡಾಕ್ಟ್ರೇ, ಬಾಯಿ ಒಣಗೂದಕ್ಕೆ ಎಂತಾದ್ರೂ ಕೊಡಿ, ಸಾಕು" ಅಂದೆ.

"ಕೊಡ್ತೇನ್ರಿ. ಎಲ್ಲಾರೂ ಕೊಟ್ಟಾರ, ನಾ ಒಬ್ಬಾಕಿ ಕೊಡಲಿಲ್ಲ ಅಂದ್ರ ಹೆಂಗ?" ಎಂದು ನಗದೆ ಹೇಳಿದರು.

ಅಮ್ಮನನ್ನು ಮಲಗಿಸಿ ಬಿ.ಪಿ. ನೋಡಿದರು. ಎಬ್ಬಿಸಿ ನಿಲ್ಲಿಸಿ, ತಾವೇ ತೋಳು ಹಿಡಿದುಕೊಂಡು, ಮತ್ತೆ ನೋಡಿದರು. ನಿಂತಾಗ ಅದು ಎಷ್ಟು ಕುಸಿಯಿತೆಂದರೆ ಅಮ್ಮ ಅವರ ಭುಜಕ್ಕೇ ಒರಗಿದಳು. ನಾಡಿ ಹಿಡಿದು ಬಹಳ ಹೊತ್ತು ಕೂತರು. ಅಷ್ಟು ಡಾಕ್ಟರುಗಳಿಗೆ ತೋರಿಸಿದ್ದೆವಲ್ಲ, ಅಮ್ಮನನ್ನು ನಿಲ್ಲಿಸಿ ನೋಡಿದವರು ಇವರೊಬ್ಬರೇ. ಡಬ್ಬಿ ಎಲ್ಲಿ ಎಂದು ಕೇಳಿದರು. ಅಮ್ಮ ಅದನ್ನು ಎಲ್ಲಿಗೂ ಬಿಟ್ಟು ಹೋಗುವವಳಲ್ಲ, ಚೀಲದಿಂದ ತೆಗೆದುಕೊಟ್ಟಳು. ಡಾಕ್ಟರು ಮುಚ್ಚಳ ತೆಗೆದು ಬಟ್ಟಲುಗಳನ್ನು ಒಂದೊಂದಾಗಿ ನೋಡಿದರು.

"ಇದನ್ನ ನೋಡಿದ್ರ ನನಗ ಏನೂ ತಿಳಿಯಾಂಗಿಲ್ರಿ. ಬಣ್ಣಕ್ಕ ಹೆಸರು ಇರಾಂಗಿಲ್ಲ. ಭಾನುವಾರ ಮೂರೂ ಮಕ್ಕಳು ಬರ್ರಿ. ನಿಮ್ಮ ನಿಮ್ಮ ಮನ್ಯಾಗ ಕೊಡಿಸಿದ್ದರ ಸ್ಟ್ರಿಪ್ಪು, ಬಾಟ್ಲಿ, ಏನದ ಎಲ್ಲಾ ತಗೊಂಡು ಬರ್ರಿ."

"ಅಕ್ಕ ವಡೋದರಾದಲ್ಲಿ ಇದ್ದಾಳೆ."

"ಮಾತ್ರಿ ಕೊಡಸಾಕ ದೂರ ಆಗಿರಲಿಲ್ಲಲ್ಲ. ಬರ್ಲಿ."

ಭಾನುವಾರ ಎಲ್ಲರೂ ಸೇರಿದೆವು. ಡಿಸ್ಪೆನ್ಸರಿಗೆ ರಜೆ, ಅವರು ನಮಗಾಗಿಯೇ ಬೀಗ ತೆಗೆಸಿದ್ದರು. ಮೇಜಿನ ಮೇಲೆ ಮೂರು ಮನೆಯ ಸ್ಟ್ರಿಪ್ಪುಗಳನ್ನು ಬೇರೆ ಬೇರೆ ಗುಡ್ಡೆ ಮಾಡಿಸಿದರು. ನನ್ನ ಗುಲಾಬಿ ಮಾತ್ರೆಯ ಸ್ಟ್ರಿಪ್ಪನ್ನೂ ಅಕ್ಕನ ಬಿಳಿ ಮಾತ್ರೆಯ ಸ್ಟ್ರಿಪ್ಪನ್ನೂ ತಿರುಗಿಸಿ, ಹಿಂಭಾಗದ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು.

"ಓದ್ರಿ. ಕಂಪನಿ ಬ್ಯಾರೆ, ಹೆಸರು ಬ್ಯಾರೆ. ಒಳಗಿನ ಔಷಧ ಒಂದ. ನಿಮ್ಮ ತಾಯಿ ಎರಡೂ ತಗೋತಾರ. ಅದಕ್ಕ ನಿಂತ ಕೂಡ್ಲೆ ತಲಿ ತಿರಗತದ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು. ಅಣ್ಣ ಗೆದ್ದವನ ಹಾಗೆ ಕುರ್ಚಿಗೆ ಒರಗಿದ.

ಡಾಕ್ಟರು ನಿಲ್ಲಿಸಲಿಲ್ಲ. ತಲೆಸುತ್ತಿಗೆ ಎಂದು ಸೂರತ್ತಿನಲ್ಲಿ ಕೊಟ್ಟ ಮಾತ್ರೆ ಎತ್ತಿ ಹಿಡಿದರು. ವಯಸ್ಸಾದವರು ಇದನ್ನು ತಿಂಗಳುಗಟ್ಟಲೆ ತಿಂದರೆ ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ ಅಂದರು. ಆ ನಡುಕಕ್ಕೆ ಅಣ್ಣ ದೊಡ್ಡ ಸ್ಪೆಷಲಿಸ್ಟರಿಗೆ ತೋರಿಸಿ ಕೊಡಿಸಿದ ಮಾತ್ರೆ ಬಾಯಿ ಒಣಗಿಸುತ್ತದೆ, ಬುದ್ಧಿಗೆ ಮಂಕು ಕವಿಸುತ್ತದೆ. ನಿದ್ದೆಗೆ ಅಕ್ಕ ಕೊಡಿಸಿದ್ದು ಆ ಮಂಕನ್ನು ಇನ್ನಷ್ಟು ಹೆಚ್ಚಿಸಿದೆ. ಕೊನೆಗೆ ಮರೆವಿಗೆ ಎಂದು ಅಣ್ಣ ತಂದ ಟಾನಿಕ್ಕು. ಅಣ್ಣ ಕುರ್ಚಿಯಲ್ಲಿ ನೆಟ್ಟಗಾದ.

"ಒಂದು ಮಾತ್ರಿ ಮಾಡಿದ ತೊಂದರೀನ ನೀವು ಹೊಸಾ ರೋಗ ಅಂದ್ಕೊಂಡ್ರಿ. ಅದಕ್ಕ ಇನ್ನೊಂದು ಕೊಡಿಸಿದ್ರಿ. ಯಾವ ಡಾಕ್ಟರರಿಗೂ ಉಳಿದ ಎರಡು ಮನ್ಯಾಗ ಏನು ಕೊಟ್ಟಾರ ಅಂತ ಗೊತ್ತಿರಲಿಲ್ಲ. ನಿಮ್ಮ ತಾಯಿಗೆ ಮರೆವಿನ ರೋಗ ಅದನೋ ಇಲ್ಲೋ ಈಗ ಹೇಳಾಕ ಬರಾಂಗಿಲ್ಲ. ಇವನ್ನ ತಗದು ನೋಡೋಣು."

ಆಮೇಲೆ ನಾವು ಮೂವರೂ ಜಗಳವಾಡಿದೆವು. ನಿನ್ನ ಡಾಕ್ಟರು ಎಂತಹವರು, ನನ್ನವರು ಎಂ.ಡಿ., ಮೊದಲು ಶುರು ಮಾಡಿದ್ದು ಯಾರು, ಎಲ್ಲ ಬಂತು. ಅಕ್ಕ ಕಣ್ಣೀರು ಹಾಕಿದಳು. ಡಾಕ್ಟರು ತಡೆಯಲಿಲ್ಲ, ನಾವು ಸುಸ್ತಾಗುವವರೆಗೂ ಕಾದರು. ನಂತರ ಅಮ್ಮನ ಕಡೆ ತಿರುಗಿದರು.

"ಅಮ್ಮಾರ, ಇಷ್ಟು ಮಾತ್ರಿ ಹೆಚ್ಚಾತು ಅಂತ ನಿಮಗ ಅನಿಸಲಿಲ್ಲೇನು?"

ಅಮ್ಮನ ಮಾತು ಹುಡುಕಿ ಹುಡುಕಿ ಬಂತು. "ಅನ್ನಿಸ್ತಿತ್ತು. ಆದ್ರೆ ಶಂಕರಂದು ಬಿಟ್ರೆ ಶಂಕರನಿಗೆ ಬೇಜಾರು. ರಜನಿದು ಬಿಟ್ರೆ ರಜನಿಗೆ. ಮೂರೂ ಮಕ್ಕಳು ನನಗೆ ಒಂದೇ ಅಲ್ವಾ?"

ಸೌಟು ಸಾರಿನ ಹಾಗೆ, ಮಜ್ಜಿಗೆಯ ಹಾಗೆ, ನಮ್ಮ ಮಾತ್ರೆಗಳನ್ನೂ ಅವಳು ಭೇದ ಮಾಡದೆ ಬಡಿಸಿಕೊಂಡಿದ್ದಳು. ಅತಿಯಾದರೆ ಅಮೃತವೂ ವಿಷ ಎಂದು ಬೇಕಾದಷ್ಟು ಸಲ ಕೇಳಿದ್ದೇನೆ. ಆ ಮೇಜಿನ ಮುಂದೆ ಅದು ನನ್ನ ಎದೆಗೆ ತಾಗಿತು.

ಡಾಕ್ಟರು ಗುಲಾಬಿ ಮತ್ತು ಬಿಳಿ ಮಾತ್ರೆಗಳನ್ನು ಅಮ್ಮನ ಮುಂದೆ ಪಕ್ಕಪಕ್ಕದಲ್ಲಿಟ್ಟರು. "ಬಿ.ಪಿ.ಗೆ ಒಂದು ಬೇಕು. ಎರಡೂ ಒಂದ, ಯಾವುದಾದ್ರೂ ನಡೀತದ. ಯಾವುದು ಬ್ಯಾಡ, ನೀವ ಹೇಳ್ರಿ."

"ನೀವೇ ಹೇಳಿ ಡಾಕ್ಟ್ರೇ" ಅಂದ ಅಣ್ಣ.

"ನಾ ಹೇಳಿದ್ರ ಇವತ್ತಿಗಷ್ಟ ಆತು. ನಾಳೆ ಇನ್ನೊಂದು ಊರಾಗ ಇನ್ನೊಬ್ರು ಕೊಡ್ತಾರ, ಇವರು ತಗೋತಾರ. ಬ್ಯಾಡ ಅನ್ನೂದು ಇವರಿಗೆ ಬರಬೇಕು."

ಅಮ್ಮ ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. "ಒಂದು ದಿನ ಇದು, ಒಂದು ದಿನ ಅದು ತಿಂದ್ರೆ ಆಗೂದಿಲ್ವಾ?" ಎಂದು ಕೇಳಿದಳು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

"ಆಗೂದಿಲ್ಲ" ಅಂದರು ಡಾಕ್ಟರು.

ನಡುಗುವ ಬೆರಳು ಮೇಜಿನ ಮೇಲೆ ಅತ್ತ ಇತ್ತ ಹೋಯಿತು. ಕೊನೆಗೆ ಗುಲಾಬಿ ಮಾತ್ರೆಯನ್ನು ನನ್ನ ಕಡೆಗೆ ತಳ್ಳಿದಳು. "ಇದು ಬೇಡ, ಶಂಕರ. ನಿನಗೆ ಸಿಟ್ಟು ಬಂದ್ರೂ ಸಂಜೆಗೆ ಇಳೀತದೆ. ಅವಳದ್ದು ವರ್ಷ ಇರ್ತದೆ."

ಅಕ್ಕ ಅಳುತ್ತಲೇ ನಕ್ಕಳು. ನನ್ನ ಹೆಸರು ನನಗೇ ಸರಿಯಾಗಿ ಸಿಕ್ಕಿದ್ದನ್ನು ನಾನು ಮಾತ್ರ ಗಮನಿಸಿದೆ.

ಉಳಿದವನ್ನು ಡಾಕ್ಟರು ಒಮ್ಮೆಲೇ ನಿಲ್ಲಿಸಲಿಲ್ಲ. ಹಾಗೆ ಮಾಡುವುದೂ ಅಪಾಯವಂತೆ. ಒಂದನ್ನು ತೆಗೆಯುವುದು, ಕಾಯುವುದು, ನೋಡುವುದು, ಆಮೇಲೆ ಮತ್ತೊಂದನ್ನು ಕಮ್ಮಿ ಮಾಡುವುದು. ಡಿಸ್ಪೆನ್ಸರಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಅಣ್ಣನ ಕ್ವಾರ್ಟರ್ಸಿನ ಗೇಟಿನಲ್ಲಿ ನಿಂತು ಅಮ್ಮನನ್ನು ಅಂಗಳದಲ್ಲಿ ನಡೆಸಿ ನೋಡುತ್ತಿದ್ದರು. ಮಾತ್ರೆ ಬರೆಯುವುದಕ್ಕೆ ಒಂದು ನಿಮಿಷ ಸಾಕು. ಬಿಡಿಸುವುದಕ್ಕೆ ಎಷ್ಟು ತಾಳ್ಮೆ ಬೇಕು ಎಂದು ನಾನು ಕಂಡದ್ದು ಅವರಲ್ಲಿ. ನಾನು ಸುಲಭಕ್ಕೆ ಯಾರಿಗೂ ತಲೆ ಬಾಗುವವನಲ್ಲ, ಅವರಿಗೆ ಮನಸ್ಸಿನಲ್ಲಿ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಅಮ್ಮನಲ್ಲಿ ಇದನ್ನು ಹೇಗೆ ಹಿಡಿದಿರಿ ಎಂದು ಒಮ್ಮೆ ಕೇಳಿದೆ.

"ರೋಗ ಬಾಳ ಇದ್ದವರಿಗಿಂತ ಮನಿ ಬಾಳ ಇದ್ದವರ ಬಗ್ಗೆ ನನಗ ಅಂಜಿಕಿ ಜಾಸ್ತಿ. ವರ್ಗ ಆಗೋ ಮಂದಿ ನಾವು. ಅಪ್ಪ ಅವ್ವ ಇಲ್ಲಿ ಒಂದಿಷ್ಟು ದಿನ, ಅಲ್ಲಿ ಒಂದಿಷ್ಟು ದಿನ. ಅದರಾಗ ಯಾರಿಗೂ ಒಲ್ಲೆ ಅನ್ನಲಾರದವರು ಇದ್ರ ಮುಗೀತು. ನಿಮ್ಮ ತಾಯಿ ಸೇರಲಾರದ ಪೇಢಾ ಎರಡು ತಿಂದಾಗ ನನಗ ಅರ್ಧ ತಿಳೀತು."

ಆ ಕಾಲೊನಿಗೆ ಮಗನ ಮನೆಗೋ ಮಗಳ ಮನೆಗೋ ಬಂದ ಯಾವ ವಯಸ್ಸಾದವರನ್ನೂ ಅವರು ಮಾತ್ರೆಯ ಚೀಲ ಸುರಿಸದೆ ಕಳಿಸುತ್ತಿರಲಿಲ್ಲ. ಮೊದಲು ಜನ ಬೈದರಂತೆ. ಬೈದವರೇ ಆಮೇಲೆ ಊರಿನಿಂದ ಬಂದ ಅತ್ತೆ ಮಾವಂದಿರನ್ನು ಚೀಲ ಸಮೇತ ಕರೆದುಕೊಂಡು ಬಂದು ಸಾಲಿನಲ್ಲಿ ನಿಂತರು.

ಅಮ್ಮನ ಕೈ ನಿಧಾನವಾಗಿ ನಿಂತಿತು. ಹೆಜ್ಜೆ ನೆಲ ಬಿಟ್ಟು ಎದ್ದಿತು. ಒಂದು ಬೆಳಿಗ್ಗೆ ಫೋನಿನಲ್ಲಿ ಅವಳು, "ನಿನ್ನ ಹೋಟೆಲಿನ ಚಟ್ನಿಗೆ ಕಡ್ಲೆ ಜಾಸ್ತಿ ಹಾಕಿಸ್ತೀಯಂತೆ, ಶ್ರೀನಿವಾಸ ಹೇಳಿದ. ತೆಂಗಿನಕಾಯಿ ಎಂತಕ್ಕೆ ಉಂಟು?" ಎಂದು ಬೈದಳು. ರಿಸೀವರ್ ಇಟ್ಟು ನಾನು ಹೆಂಡತಿಗೆ ಹೇಳಿದೆ, ಅಮ್ಮ ವಾಪಸು ಬಂದಳು ಎಂದು.

ಗೇಟಿನ ಬೀಗ ತೆಗೆದರು. ಅಣ್ಣ ಅವಳನ್ನು ಸೂರತ್ತಿಗೆ ಕರೆತಂದು ಬಿಟ್ಟು ಹೋದ. ನಮ್ಮಲ್ಲಿ ಇದ್ದಷ್ಟು ದಿನವೂ ನಾನು ಅವಳನ್ನು ಒಬ್ಬ ಡಾಕ್ಟರಿಗೂ ತೋರಿಸಲಿಲ್ಲ, ಕೈ ಕಟ್ಟಿ ಹಾಕಿದ ಹಾಗಾಗುತ್ತಿತ್ತು. ಇನ್ನು ವಡೋದರಾಕ್ಕೆ ಹೊರಡುತ್ತೇನೆ, ಬೆಳಗಿನ ಗಾಡಿಗೆ, ಎಂದು ಅವಳೇ ಹೇಳಿದಳು. ಅಂಕಲೇಶ್ವರದ ಬೆಂಚು ನನ್ನ ಕಣ್ಣ ಮುಂದೆ ಬಂತು. ಏನೂ ಹೇಳದೆ ನನಗೂ ಒಂದು ಟಿಕೆಟ್ ತೆಗೆದುಕೊಂಡೆ. ಹೋಟೆಲಿನಲ್ಲಿ ಹೊಸದಾಗಿ ಮಾಡಿಸಿದ ಗೋಳಿಬಜೆ, ಪೋಡಿಗಳಂಥ ಕರಿದ ತಿಂಡಿಯ ದೊಡ್ಡ ಪೊಟ್ಟಣವನ್ನೂ ಕಟ್ಟಿಸಿದೆ.

ಲೇಡೀಸ್ ಡಬ್ಬಿಯ ಕಿಟಕಿಯಿಂದ ಪಾಸಿನ ಹೆಂಗಸರು "ಮಾಸಿ, ಮಾಸಿ" ಎಂದು ಕೂಗಿ ಜಾಗ ಮಾಡಿದರು. ಅಮ್ಮ ಹತ್ತಿ ಕೂತಳು. ನಾನು ಪೊಟ್ಟಣ ಕಿಟಕಿಯೊಳಗೆ ಚಾಚಿದೆ.

"ಬೇಡ. ತಗೊಂಡ್ರೆ ತಿನ್ನಬೇಕಾಗ್ತದೆ. ನನಗೆ ಶೇಂಗಾ ಸಾಕು."

"ಸರಿ, ನಾನು ಪಕ್ಕದ ಡಬ್ಬಿಯಲ್ಲಿ ಇರ್ತೇನೆ ಅಮ್ಮ" ಅಂದೆ, ಜೇಬಿನ ಟಿಕೆಟ್ ಮುಟ್ಟಿಕೊಂಡು.

ಅವಳು ನನ್ನನ್ನು ಚೆನ್ನಾಗಿ ನೋಡಿದಳು. ನಂತರ ಕಿಟಕಿಯ ಸರಳಿನ ಹೊರಗೆ ಕೈ ಚಾಚಿ, ಎಲೆಗೆ ಅಡ್ಡ ಹಿಡಿಯುವ ಹಾಗೆ ನನ್ನ ಮುಂದೆ ಹಿಡಿದಳು. ಆ ಕೈ ನಡುಗುತ್ತಿರಲಿಲ್ಲ.

"ನೀನೂ ಬೇಡ ಮಾರಾಯ" ಅಂದಳು.

ಗಾಡಿ ಹೋಯಿತು. ಬೇಡ ಅನ್ನಿಸಿಕೊಂಡು ಅಷ್ಟು ಸಂತೋಷಪಟ್ಟವನು ಆ ಸ್ಟೇಷನ್ನಿನಲ್ಲಿ ಇನ್ನೊಬ್ಬನಿರಲಾರ. ಬೆಂಚಿನ ಮೇಲೆ ಕೂತು, ಕಣ್ಣು ಒರೆಸಿಕೊಳ್ಳುತ್ತ, ಗೋಳಿಬಜೆ ಪೂರ್ತಿ ನಾನೇ ತಿಂದೆ.

ಮಧ್ಯಾಹ್ನ ಅಕ್ಕನ ಫೋನ್ ಬಂತು. "ಅಮ್ಮ ಬಂದ್ಲು. ಆಟೋದವನ ಹತ್ತಿರ ಜಗಳ ಮಾಡಿಕೊಂಡು ಒಬ್ಬಳೇ ಮನೆಗೆ ಬಂದ್ಲು. ಶೇಂಗಾನೂ ತಂದಿದ್ದಾಳೆ." ಆಮೇಲೆ ಹೇಳಿದಳು, "ಬೆಳಿಗ್ಗೆಯಿಂದ ನಿಂತು ಪಾಯಸ ಮಾಡಿದ್ದೆ. ಬೇಡ ಅಂದ್ಲು ಮಾರಾಯ."

"ಒಂದೇ ಸಲವಾ?"

"ಹೌದು. ಎಂತಕ್ಕೆ?"

"ನನಗೆ ಎರಡು ಸಲ ಅಂದ್ಲು" ಅಂದೆ.